ವರ್ಷದ ಆಟಕ್ಕೆ ಕರ್ಪೂರ ಹಚ್ಚಿದ್ದು

ರತ್ನಮ್ಮನಿಗೆ ಪ್ರಶಸ್ತಿಯ ಆಸೆಯೇ ಇರಲಿಲ್ಲ ಎಂದು ನಮ್ಮ ಯಜಮಾನರು ಈಗಲೂ ಬಂದವರಿಗೆಲ್ಲ ಹೇಳುತ್ತಾರೆ. ನಂಬಬೇಡಿ, ಆ ರತ್ನಮ್ಮ ನಾನೇ. ಇತ್ತು. ಊಟಕ್ಕೆ ಕೂತರೂ ಅದೇ ಧ್ಯಾನ, ನೀರು ಸೇದುವಾಗಲೂ ಅದೇ ಧ್ಯಾನ. ಆಸೆ ಪಡುವುದು ತಪ್ಪೇನ್ರೀ? ಗಂಡಸರು ಆಸೆಪಟ್ಟರೆ ಛಲಗಾರ, ನಾವು ಆಸೆಪಟ್ಟರೆ ಕೊಬ್ಬು. ಹೋಗಲಿ ಬಿಡಿ, ಕಥೆಗೆ ಬರುತ್ತೇನೆ.

ಇದು ಎಂಬತ್ತೆರಡನೇ ಇಸವಿಯ ಮಾತು. ಕೋಲಾರದಲ್ಲಿ ಆಗ ಜಿಲ್ಲಾ ಮನೆಯಾಟ ತಯಾರಕರ ಸಂಘ ಅಂತ ಒಂದಿತ್ತು. ಹಾವು ಏಣಿ ಪಟ ಅಚ್ಚು ಹಾಕುವವರು, ಪಗಡೆ ಹಾಸು ಹೊಲಿಯುವವರು, ಮರದ ದಾಳ ಕಡೆಯುವವರು, ಎಲ್ಲ ಸೇರಿ ಒಂಬತ್ತು ಜನ ಸದಸ್ಯರು. ವರ್ಷಕ್ಕೊಮ್ಮೆ ಎಂಟು ಪ್ರಶಸ್ತಿ ಕೊಡುತ್ತಿದ್ದರು. ಉತ್ತಮ ದಾಳ, ಉತ್ತಮ ಡಬ್ಬ, ಉತ್ತಮ ಬಣ್ಣ, ಹೀಗೆ. ಪ್ರಶಸ್ತಿ ಸಿಗದ ಒಂಬತ್ತನೆಯವನು ಸಭೆಯಲ್ಲಿ ಕುರ್ಚಿ ಎತ್ತಿ ಒಗೆಯುತ್ತಿದ್ದ. ಮುಂದಿನ ವರ್ಷ ಅವನಿಗೊಂದು ಪ್ರಶಸ್ತಿ ಹುಟ್ಟುತ್ತಿತ್ತು, ಇನ್ನೊಬ್ಬನದು ಸಾಯುತ್ತಿತ್ತು. ಸಂಘ ನಡೆಯುತ್ತಿದ್ದದ್ದೇ ಹಾಗೆ.

ಆದರೆ ದೊಡ್ಡ ಪ್ರಶಸ್ತಿ ಒಂದೇ, ‘ವರ್ಷದ ಆಟ’. ಅದಕ್ಕೆ ಸದಸ್ಯರಲ್ಲದವರೂ ಅರ್ಜಿ ಹಾಕಬಹುದಿತ್ತು. ಗೆದ್ದ ಆಟವನ್ನು ಸಂಘವೇ ಐದುನೂರು ಡಬ್ಬ ಮಾಡಿಸಿ ಅಂಗಡಿಗಳಿಗೆ ಕೊಡುತ್ತಿತ್ತು. ಡಬ್ಬದ ಮುಚ್ಚಳದ ಮೇಲೆ ಆಟದ ಹೆಸರು, ಅದರ ಕೆಳಗೆ ಕೆಂಪು ಅಕ್ಷರದಲ್ಲಿ ತಯಾರಕರ ಹೆಸರು. ನನಗೆ ಬೇಕಿದ್ದದ್ದು ಆ ಕೆಂಪು ಅಕ್ಷರ.

ಯಾಕೆ ಅಂತೀರಾ? ನಾನು ಹಾಕಿದ ಉಪ್ಪಿನಕಾಯಿ ತಿಂದವರು ನಮ್ಮ ಅತ್ತೆಯ ಕೈಗುಣ ಎನ್ನುತ್ತಿದ್ದರು. ನಾನು ಸಾಕಿದ ರೇಷ್ಮೆಗೂಡು ಮಾರುಕಟ್ಟೆಯಲ್ಲಿ ನಮ್ಮ ಯಜಮಾನರು ಕೋದಂಡರಾಮಪ್ಪನವರ ಗೂಡು ಎನ್ನಿಸಿಕೊಳ್ಳುತ್ತಿತ್ತು. ನನ್ನ ಹೆಸರು ಅಚ್ಚಾಗಿದ್ದದ್ದು ಜನ್ಮದಲ್ಲಿ ಒಂದೇ ಸಲ, ಮದುವೆಯ ಲಗ್ನಪತ್ರಿಕೆಯಲ್ಲಿ. ಅಲ್ಲಿಯೂ ವೆಂಕಟರತ್ನಮ್ಮ ಹೋಗಿ ನಮ್ಮಕ್ಕನ ಹೆಸರು ಬಿದ್ದಿತ್ತು. ಹೊಟ್ಟೆ ಉರಿಯುವುದಿಲ್ಲವೇ?

ನನ್ನ ಆಟದ ಹೆಸರು ‘ನಮ್ಮೂರು’. ಅದು ಹುಟ್ಟಿದ್ದು ಶ್ರೀನಿವಾಸಪುರದ ಪಕ್ಕದ ನಮ್ಮ ಹಳ್ಳಿಯಲ್ಲಿ, ಹುಳದ ಮನೆಯಲ್ಲಿ. ರೇಷ್ಮೆಹುಳು ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಬಿಡುವ ನಿದ್ದೆಯಿಂದ, ಎದ್ದಿತೆಂದರೆ ಸೊಪ್ಪು ಹಾಕಿ ಹಾಕಿ ಸೊಂಟ ಬಿದ್ದುಹೋಗುತ್ತದೆ. ಒಂದು ಸಲ ಸೊಪ್ಪು ಹಾಕಿ ಇನ್ನೊಂದು ಸಲ ಹಾಕುವುದರೊಳಗೆ ನಾನೂ, ಸೊಪ್ಪು ಕೊಯ್ಯಲು ಬರುತ್ತಿದ್ದ ಅಂಜಮ್ಮನೂ, ಅಕ್ಕಪಕ್ಕದ ಒಂದಿಬ್ಬರೂ ಗೋಡೆಗೊರಗಿ ಕೂರುತ್ತಿದ್ದೆವು. ಅಂಜಮ್ಮ ನನಗಿಂತ ಹತ್ತು ವರ್ಷ ದೊಡ್ಡವಳು, ಆದರೂ ಕೂಲಿಗೆ ಬರುವವಳೆಂದು ನನ್ನನ್ನೇ ಅಕ್ಕಾ ಎನ್ನುತ್ತಿದ್ದಳು. ಓದು ಬರಹ ಇಲ್ಲ, ಬಾಯಿ ಮಾತ್ರ ಊರಗಲ. ಒಂದು ದಿನ ಡೈರಿಯ ಸೆಕ್ರೆಟರಿ ಅವಳ ಹಾಲಿಗೆ ನೀರು ಬೆರೆಸಿದ್ದೀಯೆಂದು ಕ್ಯಾನಿಗೆ ಸುರಿಯದೆ ವಾಪಸು ಕಳಿಸಿದ್ದ. ಅವಳು ಉರಿದುಕೊಂಡು ಬಂದವಳೇ ಸೆರಗನ್ನು ಟವೆಲ್ಲಿನಂತೆ ಹೆಗಲಿಗೆ ಹಾಕಿಕೊಂಡು ನಿಂತಳು.

“ನಾನೀಗ ಸೆಕ್ರೆಟ್ರಿ. ನೀನು ನಮ್ಮ ಹಸ. ಹೇಳಕ್ಕಾ, ಹಾಲ್ಗೆ ನೀರು ಎಲ್ಲಿಂದ ಬಂತು?”

ನಾನು ಹಸುವಾಗಿ, “ಬೆಳಿಗ್ಗೆ ಕೆರೇಲಿ ಕುಡ್ದಿದ್ದೆ ಸ್ವಾಮಿ, ಅದೇ ಇರ್ಬೇಕು” ಅಂದೆ. ನಕ್ಕೂ ನಕ್ಕೂ ಹುಳಕ್ಕೆ ಸೊಪ್ಪು ಹಾಕುವುದೇ ಮರೆತುಹೋಯಿತು.

ಅಲ್ಲಿಂದ ದಿನವೂ ಅದೇ ಆಟ. ನಾನು ಅದಕ್ಕೊಂದು ಅಚ್ಚುಕಟ್ಟು ತಂದೆ. ಹಳೇ ಕ್ಯಾಲೆಂಡರಿನ ಹಿಂದೆ ಊರು ಬರೆದೆ. ಕೆರೆ, ಡೈರಿ, ಮಾವಿನ ತೋಪು, ಬಸ್ಸು ನಿಲ್ಲುವ ಜಾಗ, ಹೂವಿನ ಅಂಗಡಿ, ಪ್ರಮಾಣದ ಕಟ್ಟೆ, ಎಲ್ಲಕ್ಕೂ ಒಂದೊಂದು ಮನೆ. ಇಪ್ಪತ್ತನಾಲ್ಕು ಚೀಟಿ ಮಾಡಿದೆ. ಚೀಟಿ ಎತ್ತಿದವರು ಅದರಲ್ಲಿದ್ದ ಮನುಷ್ಯರೋ ಪ್ರಾಣಿಯೋ ಆಗಬೇಕು, ಹಾಗೇ ಮಾತಾಡಬೇಕು. ಒಬ್ಬರು ಕಥೆ ಹೇಳುವವರು, ಊರಿನಲ್ಲಿ ಹೀಗಾಯಿತು ಎಂದು ಶುರು ಮಾಡುತ್ತಾರೆ. ನಾಲ್ಕು ಕವಡೆ ಹಾಕಿ ಬಿದ್ದಷ್ಟು ಮನೆ ನಡೆಯಬೇಕು. ಗೆಲ್ಲುವವರು ಸೋಲುವವರು ಇಲ್ಲ. ಊರಿನ ತಕರಾರು ತೀರಿದರೆ ಆಟ ಮುಗಿಯಿತು.

ಅರ್ಜಿಯಲ್ಲಿ ‘ತಯಾರಕರ ಹೆಸರು’ ಎಂದು ಒಂದು ಗೆರೆ ಇತ್ತು. ನಾನು ನನ್ನ ಹೆಸರೊಂದನ್ನೇ ಬರೆದೆ. ಬರೆಯುವಾಗ ಅಂಜಮ್ಮನ ನೆನಪಾಯಿತೇ? ಆಯಿತು. ಗೆರೆ ಒಂದೇ ಇದೆ ಅಂದುಕೊಂಡೆ. ಅವಳಿಗೆ ಓದಲು ಬರುವುದಿಲ್ಲ, ಡಬ್ಬದ ಮೇಲೆ ಹೆಸರಿದ್ದು ಏನು ಮಾಡುತ್ತಾಳೆ ಅಂದುಕೊಂಡೆ. ಅರ್ಜಿ ಅಂಚೆಗೆ ಹಾಕಿ ಬಂದ ದಿನ ಅವಳು, “ನಮ್ಮಾಟ ಗೆದ್ರೆ ಏನ್ ಕೊಡ್ತಾರಕ್ಕಾ?” ಅಂತ ಕೇಳಿದಳು. ‘ನಮ್ಮಾಟ’ ಅಂದದ್ದು ಚುರುಕ್ ಅಂದಿತು. “ಹಾರ ಹಾಕ್ತಾರೆ” ಅಂತ ಹೇಳಿ ಸೊಪ್ಪಿನ ಬುಟ್ಟಿ ಎತ್ತಿಕೊಂಡು ಹೋದೆ.

ಆ ವರ್ಷ ಇನ್ನೊಂದು ಅರ್ಜಿ ಮಾಲೂರಿನ ಮುನಿರಾಮಪ್ಪನದು. ಅವನ ಆಟ ‘ಸಂಸಾರದ ಏಣಿ’. ಹೊಸದೇನಿರಲಿಲ್ಲ, ಅದೇ ಹಾವು ಏಣಿ. ಏಣಿ ಹತ್ತಿದರೆ ಎರಡೇ ಮಕ್ಕಳು, ಹಾವು ನುಂಗಿದರೆ ಮೂರನೆಯದು. ಹಾವಿನ ಬಾಲದಲ್ಲಿ ಒಂದೊಂದು ತೊಟ್ಟಿಲು ಬರೆದಿದ್ದ. ಮನುಷ್ಯ ನೋಡಲು ಸಾಧು, ಒಳಗೆ ಮಹಾ ಕಿಲಾಡಿ. ನನ್ನ ಅರ್ಜಿ ನೋಡಿದವನೇ ಸಂಘಕ್ಕೆ ಮೂರು ಪುಟದ ತಕರಾರು ಬರೆದ. ಗೆಲ್ಲುವವರೇ ಇಲ್ಲದ ಮೇಲೆ ಅದು ಆಟವೇ ಅಲ್ಲ, ನಾಟಕ, ಆಯಮ್ಮನನ್ನು ನಾಟಕ ಮಂಡಳಿಗೆ ಕಳಿಸಿ ಅಂತ.

ತೀರ್ಪುಗಾರರು ಮೂವರು. ಸಂಘದ ಅಧ್ಯಕ್ಷರು ಸುಬ್ಬರಾಯಪ್ಪ, ಮುಳಬಾಗಿಲು ಕಡೆಯ ಹಳ್ಳಿಯವರು, ತಾಲ್ಲೂಕು ಕಚೇರಿಯಲ್ಲಿದ್ದು ನಿವೃತ್ತರಾದವರು. ಎರಡನೆಯವರು ಕೋಲಾರದಲ್ಲಿ ಪ್ರೆಸ್ಸು ಇಟ್ಟಿದ್ದ ದೊಡ್ಡವೆಂಕಟಪ್ಪ. ಮೂರನೆಯವರು ಭಾರತಮ್ಮ, ಹೆಣ್ಣುಮಕ್ಕಳ ಶಾಲೆಯ ಹೆಡ್‌ಮಿಸ್ಸು. ಭಾರತಮ್ಮನವರು ನಿಯಮದ ಪುಸ್ತಕ ತೆಗೆದು, “ಮನೆಯೊಳಗೆ ಕೂತು ಆಡುವಂಥದ್ದು ಅಂತ ಮಾತ್ರ ಇದೆ. ಗೆಲ್ಲಬೇಕು ಅಂತ ಎಲ್ಲಿದೆ ತೋರಿಸಿ” ಎಂದು ಮುನಿರಾಮಪ್ಪನ ಬಾಯಿ ಮುಚ್ಚಿಸಿದರಂತೆ. ನಾನು ಆ ಹೆಂಗಸಿಗೆ ಮನಸ್ಸಿನಲ್ಲೇ ಕೈ ಮುಗಿದೆ.

ತೀರ್ಪಿಗೆ ಒಂದು ವಾರ ಇದೆ ಎನ್ನುವಾಗ ಆಟದ ನಿಯಮ ಅಚ್ಚು ಹಾಕಿಸಲು ಯಜಮಾನರ ಜೊತೆ ದೊಡ್ಡವೆಂಕಟಪ್ಪನವರ ಪ್ರೆಸ್ಸಿಗೆ ಹೋದೆ. ಅಲ್ಲಿ ದಾರ ಕಟ್ಟಿ ಹಸಿ ಹಾಳೆಗಳನ್ನು ಒಣಹಾಕಿದ್ದರು. ತಲೆ ಬಗ್ಗಿಸಿ ದಾಟುವಾಗ ಒಂದು ಹಾಳೆ ಮುಖಕ್ಕೇ ತಗುಲಿತು. ನೋಡಿದರೆ ಡಬ್ಬದ ಮುಚ್ಚಳ. ‘ವರ್ಷದ ಆಟ: ಸಂಸಾರದ ಏಣಿ.’ ಕೆಳಗೆ ಕೆಂಪು ಅಕ್ಷರದಲ್ಲಿ, ಇನ್ನೂ ಮಸಿ ಆರದೆ, ಮುನಿರಾಮಪ್ಪನ ಹೆಸರು.

“ಇದೇನ್ ದೊಡ್ಡವೆಂಕಟಪ್ಪನೋರೆ? ತೀರ್ಪು ಬರೋ ಭಾನುವಾರ ಅಲ್ವಾ?”

“ಅದು... ಅದು ಸ್ಯಾಂಪಲ್ ಕಣಮ್ಮಾ. ಬಣ್ಣ ಹೆಂಗ್ ಬರ್ತದೋ ಅಂತ ನೋಡ್ದೆ.”

“ನನ್ ಹೆಸ್ರಲ್ಲೂ ಒಂದ್ ಬಣ್ಣ ನೋಡ್ಬೇಕಿತ್ತು!”

ಅವರು ಅಚ್ಚಿನ ಮೊಳೆ ಜೋಡಿಸುವ ನೆಪದಲ್ಲಿ ಒಳಗೆ ಹೋದರು. ಯಜಮಾನರು ನನ್ನ ತೋಳು ಹಿಡಿದು ಹೊರಗೆ ಕರೆತಂದರು.

“ಬಿಡು ರತ್ನಾ. ಮುನಿರಾಮ ಸುಬ್ಬರಾಯಪ್ಪನ ಹೆಂಡ್ತಿ ತಮ್ಮ. ಸಂಘ ಅಂದ್ಮೇಲೆ ಇದೆಲ್ಲಾ ಇದ್ದಿದ್ದೇ.”

“ನಿಮ್ಗೊತ್ತಿತ್ತಾ?”

“ಕೋಲಾರಕ್ಕೆಲ್ಲಾ ಗೊತ್ತು ಕಣೇ.”

ಬಸ್ಸಿನಲ್ಲಿ ಕಿಟಕಿಯ ಕಡೆ ತಿರುಗಿ ಅತ್ತೆ. ದುಃಖಕ್ಕೆ ಅಲ್ಲ, ಸಿಟ್ಟಿಗೆ. ಶ್ರೀನಿವಾಸಪುರ ಬರುವಷ್ಟರಲ್ಲಿ ಅಳು ನಿಂತಿತ್ತು, ಸಿಟ್ಟು ನಿಂತಿರಲಿಲ್ಲ. ತೀರ್ಪುಗಾರರು ಎಲ್ಲ ಆಟವನ್ನೂ ತಾವೇ ಕೂತು ಆಡಿ ನೋಡಬೇಕೆಂಬ ನಿಯಮವಿತ್ತು. ಆಡಲಿ, ಚೆನ್ನಾಗಿ ಆಡಿಸುತ್ತೇನೆ ಅಂದುಕೊಂಡೆ.

ಭಾನುವಾರ ಬೆಳಿಗ್ಗೆ ಪ್ರೆಸ್ಸಿನ ಮಹಡಿಯ ಮೇಲೆ ಜಮಖಾನ ಹಾಸಿದ್ದರು. ಸದಸ್ಯರೆಲ್ಲ ಗೋಡೆಯ ಪಕ್ಕ ಕುರ್ಚಿಗಳಲ್ಲಿ ಕೂತಿದ್ದರು. ಕ್ಯಾಲನೂರಿನ ಆವಲಪ್ಪನೆಂಬ ಮುದುಕನೂ ಒಂದು ಅರ್ಜಿ ಹಾಕಿದ್ದ. ನಮ್ಮ ಮುತ್ತಜ್ಜಿಯರು ಆಡುತ್ತಿದ್ದ ಚೌಕಾಬಾರವನ್ನೇ ರಟ್ಟಿನ ಮೇಲೆ ಬರೆದು, ಕೆಳಗೆ ತಯಾರಕ ಆವಲಪ್ಪ ಎಂದು ಹಾಕಿಕೊಂಡು ಬಂದಿದ್ದ. ಅದನ್ನು ಐದು ನಿಮಿಷ ಆಡಿ ಮುಗಿಸಿದರು, ಅವನು ಮೂಲೆಯಲ್ಲಿ ಗೋಡೆಗೊರಗಿ ನಿದ್ದೆ ಹೋದ. ಆಮೇಲೆ ಮುನಿರಾಮಪ್ಪನದು. ದೊಡ್ಡವೆಂಕಟಪ್ಪನವರನ್ನು ಹಾವು ನಾಲ್ಕು ಸಲ ನುಂಗಿ ಆರು ಮಕ್ಕಳಾದವು. “ಅದ್ಭುತ, ಅದ್ಭುತ” ಎಂದು ಸುಬ್ಬರಾಯಪ್ಪನವರು ಬರೆದುಕೊಂಡರು.

ನನ್ನ ಸರದಿ ಬಂತು. ಕ್ಯಾಲೆಂಡರು ಹಾಸಿದೆ, ಕಥೆ ಹೇಳುವ ಜಾಗದಲ್ಲಿ ಕೂತೆ. ಚೀಟಿ ಕಲೆಸಿದೆನೇ? ಕಲೆಸಿದೆ. ನನಗೆ ಬೇಕಾದ ಹಾಗೆ ಕಲೆಸಿದೆ. ಅವರು ಪ್ರೆಸ್ಸಿನಲ್ಲಿ ಮಾಡಿದ್ದನ್ನು ನಾನು ಚೀಟಿಯಲ್ಲಿ ಮಾಡಿದೆ, ಅಷ್ಟೇ.

“ನಮ್ಮೂರಲ್ಲಿ ಮಾವಿನಹಣ್ಣಿನ ಪೈಪೋಟಿ” ಎಂದು ಶುರು ಮಾಡಿದೆ. “ಬಾದಾಮಿ, ರಸಪುರಿ, ತೋತಾಪುರಿ ಎಲ್ಲಾ ಬಂದವೆ. ಆದ್ರೆ ಹಣ್ಣಿಗೆ ಚಾಕು ಹಾಕೋಕ್ ಮುಂಚೇನೇ ಗೆದ್ದೋರ್ ಹೆಸ್ರು ಬರೆದು ಹಾರ ತಯಾರಾಗಿದೆ. ಯಾರ್ ಮಾಡ್ಸಿದ್ದು? ಅದನ್ನ ಕಂಡ್ಹಿಡೀಬೇಕು. ಚೀಟಿ ಎತ್ತಿ.”

ಸುಬ್ಬರಾಯಪ್ಪನವರಿಗೆ ಹಣ್ಣಿನ ತೀರ್ಪುಗಾರನ ಚೀಟಿ ಬಂತು. ದೊಡ್ಡವೆಂಕಟಪ್ಪನವರಿಗೆ ಹೂವಾಡಿಗ. ಭಾರತಮ್ಮನವರಿಗೆ ಆಡು. ಅವರಿಗೆ ಸಿಟ್ಟು ಬರುತ್ತದೇನೋ ಎಂದು ಹೆದರಿದ್ದೆ. ಆಯಮ್ಮ ಕನ್ನಡಕ ತೆಗೆದಿಟ್ಟು, “ಆಡು ಅಂದ್ರೆ ಎಲ್ಲಿ ಬೇಕಾದ್ರೂ ನುಗ್ಗಬಹುದಲ್ವಾ?” ಅಂದರು.

“ಆಡು ಮುಟ್ಟದ ಸೊಪ್ಪಿಲ್ಲ ಮಿಸ್.”

ಕವಡೆ ಹಾಕಿದವರೇ ನೇರವಾಗಿ ಹೂವಿನ ಅಂಗಡಿಗೆ ನುಗ್ಗಿದರು. ಮೂವತ್ತು ವರ್ಷ ಮಕ್ಕಳನ್ನು ಹೆದರಿಸಿದ ದನಿಯಲ್ಲಿ ಒಂದು ಸಲ “ಮ್ಯಾ” ಎಂದು, “ಹಾರ ಯಾವಾಗ ಕಟ್ಟಿದ್ಯೋ ಹೂವಾಡಿಗಾ?” ಅಂದರು. ದೊಡ್ಡವೆಂಕಟಪ್ಪನವರ ಮುಖ ದಾಳಿಂಬೆಯಾಯಿತು. “ಒಂದ್ ವಾರ... ಒಂದ್ ವಾರದ ಹಿಂದೆ” ಅಂದು ಬೆವರು ಒರೆಸಿಕೊಂಡರು. ಗೋಡೆಯ ಕಡೆ ಕೂತವರಲ್ಲಿ ಒಬ್ಬ ಕೆಮ್ಮಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಹಾಗೆ ಮುನಿರಾಮಪ್ಪ ಎದ್ದು, “ಸಾಕು ಸಾಕು, ಟೈಮಾಯ್ತು” ಅಂದ. “ಇನ್ನೂ ಅರ್ಧ ಗಂಟೆ ಇದೆ, ಕೂತ್ಕೊಳಪ್ಪಾ” ಎಂದಿತು ಆಡು.

ಈಗ ಸುಬ್ಬರಾಯಪ್ಪನವರು ಕವಡೆ ಹಾಕಿದರು. ದೇವರಾಣೆಗೂ ಕವಡೆಯಲ್ಲಿ ನನ್ನ ಕೈವಾಡ ಇರಲಿಲ್ಲ. ಮೂರು ಬಿತ್ತು. ಕಾಯಿ ನಡೆದು ನಿಂತದ್ದು ಪ್ರಮಾಣದ ಕಟ್ಟೆಯ ಮೇಲೆ.

ಆ ಮನೆಗೆ ಬಂದವರು ಕರ್ಪೂರ ಹಚ್ಚಿದ ತಟ್ಟೆಯ ಮುಂದೆ ಒಂದು ಪ್ರಶ್ನೆಗೆ ಉತ್ತರ ಹೇಳಬೇಕು, ಹೇಳಿ ಅಂಗೈಯಿಂದ ಕರ್ಪೂರ ಆರಿಸಬೇಕು. ನಾವು ಹುಳದ ಮನೆಯಲ್ಲಿ ಆಡುವಾಗ ಕರ್ಪೂರದ ಬದಲು ಒಂದು ಹರಳು ಕಲ್ಲುಪ್ಪು ಇಟ್ಟುಕೊಳ್ಳುತ್ತಿದ್ದೆವು, ಆಟಕ್ಕೆ ಯಾಕೆ ಬೇಕು ದೇವರ ಸಹವಾಸ ಅಂತ. ಆವತ್ತು ಮಾತ್ರ ಬಸ್ಸಿಳಿದವಳೇ ಅಂಗಡಿಯಲ್ಲಿ ನಿಜವಾದ ಕರ್ಪೂರದ ಪೊಟ್ಟಣ ತಂದಿದ್ದೆ. ಯಾಕೆ ತಂದೆ ಎಂದು ನನ್ನನ್ನು ಕೇಳಬೇಡಿ. ನಿಯಮದಲ್ಲಿ ಸುಳ್ಳಿಗೂ ದಾರಿ ಇತ್ತು. ಇನ್ನೊಮ್ಮೆ ಹಾಕಿದಾಗ ನಾಲ್ಕೂ ಕವಡೆ ಅಂಗಾತ ಬಿದ್ದರೆ ಸುಳ್ಳು ಹೇಳಬಹುದು. ನಾನು ಕೈಯಲ್ಲೇ ಬರೆದ ನಿಯಮದ ಹಾಳೆ ಅವರ ತೊಡೆಯ ಮೇಲೇ ಇತ್ತು.

ಹಿತ್ತಾಳೆ ತಟ್ಟೆಯಲ್ಲಿ ಎರಡು ಬಿಲ್ಲೆ ಹಚ್ಚಿದೆ. ಜ್ವಾಲೆ ನೋಡಿದ ಸುಬ್ಬರಾಯಪ್ಪನವರು ಮೊದಲು ಮಾಡಿದ ಕೆಲಸ ಎಂದರೆ ಕಾಲುಚೀಲ ಬಿಚ್ಚಿದ್ದು. ಅವರ ಊರಿನ ಕಡೆ ಹೊಲದ ಜಗಳ, ಹೆಣ್ಣಿನ ಜಗಳ ಎಲ್ಲ ತೀರುತ್ತಿದ್ದದ್ದು ಹೀಗೆಯೇ. ಕರ್ಪೂರದ ಮುಂದೆ ಸುಳ್ಳು ಹೇಳಿದ ಅವರ ಚಿಕ್ಕಪ್ಪನಿಗೆ ತಿಂಗಳೊಳಗೆ ಬಾಯಿ ಸೊಟ್ಟಗಾಗಿತ್ತು ಎಂದು ಅವರೇ ಎಷ್ಟೋ ಸಲ ಹೇಳಿದ್ದರಂತೆ.

“ತೀರ್ಪುಗಾರ್ರೇ, ಹಣ್ಣು ಕತ್ತರ್ಸೋಕ್ ಮುಂಚೇನೇ ಹಾರ ಯಾರಿಗೆ ಅಂತ ನಿಮ್ಗೊತ್ತಿತ್ತಾ?” ಕೇಳಿದೆ.

ಅವರು ತುಟಿ ಒದ್ದೆ ಮಾಡಿಕೊಂಡರು. “ಗೊತ್ತಿತ್ತು.”

“ಯಾರಿಗೆ?”

“ಇನ್ಯಾರಿಗಮ್ಮಾ, ಮುನಿರಾಮಂಗೆ. ಮನೇಲಿ ಅವಳು ಮೂರ್ ತಿಂಗ್ಳಿಂದ ಅನ್ನ ಬಡ್ಸೋವಾಗೆಲ್ಲಾ ನನ್ ತಮ್ಮ, ನನ್ ತಮ್ಮ ಅಂತಿದ್ಲು. ಮುಚ್ಚಳ ಹೊಡ್ಸು ಅಂತ ಈ ದೊಡ್ಡವೆಂಕಟಪ್ಪಂಗೆ ನಾನೇ ಹೇಳ್ದೆ.” ಹೇಳಿ ಅಂಗೈಯಿಂದ ಒಂದು ಬಿಲ್ಲೆ ಆರಿಸಿ ಕಣ್ಣಿಗೊತ್ತಿಕೊಂಡರು. ಆಮೇಲೆ ಸುತ್ತ ನೋಡಿದರು. ಆಗ ಗೊತ್ತಾಯಿತು ಅವರಿಗೆ ತಾವು ಹೇಳಿದ್ದು ಏನೆಂದು.

“ಭಾವಾ! ಅದು ಆಟ ಭಾವಾ!” ಎಂದು ಮುನಿರಾಮಪ್ಪ ಕೂಗಿದ.

“ಆಟ ಇರ್ಬೋದು ಕಣಯ್ಯಾ, ಕರ್ಪೂರ ನಿಜದ್ದೇ ಅಲ್ವೇನೋ?”

ಮಹಡಿ ಹಾರಿಹೋಗುವಂತೆ ಗದ್ದಲವೆದ್ದಿತು. ಎರಡು ಕುರ್ಚಿ ಮೇಲಕ್ಕೆದ್ದವು. ಹೋದ ವರ್ಷದ್ದೂ ಹೀಗೇ ಆಗಿತ್ತಾ ಎಂದು ಒಬ್ಬ, ನನ್ನ ಉತ್ತಮ ದಾಳ ಎಲ್ಲಿ ಎಂದು ಇನ್ನೊಬ್ಬ. ನಾನು ಸೆರಗು ಬಾಯಿಗೆ ಒತ್ತಿಕೊಂಡು ನಗು ತಡೆಯುತ್ತಿದ್ದೆ. ಗೆದ್ದೆ ಅಂತಲೇ ಅಂದುಕೊಂಡೆ. ಕಣ್ಣ ಮುಂದೆ ಕೆಂಪು ಅಕ್ಷರಗಳು ಒಂದೊಂದಾಗಿ ಬರುತ್ತಿದ್ದವು, ವೆಂ, ಕ, ಟ.

ಮುನಿರಾಮಪ್ಪ ತಟ್ಟೆಯ ಕಡೆ ಕೈ ಮಾಡಿದ. “ಇನ್ನೊಂದ್ ಬಿಲ್ಲೆ ಉರೀತಾ ಇದೆ. ಆಯಮ್ಮನೂ ಪ್ರಮಾಣ ಮಾಡ್ಲಿ. ಏನಮ್ಮಾ, ಈ ಆಟ ಪೂರ್ತಿ ನಿನ್ನೊಬ್ಳದೇನಾ? ಯಾವ್ದಾದ್ರೂ ಪುಸ್ತಕ ನೋಡಿ ಹೊಡ್ದಿದ್ದಾ?”

ಅವನಿಗೇನೂ ಗೊತ್ತಿರಲಿಲ್ಲ. ಕತ್ತಲಲ್ಲಿ ಕಲ್ಲು ಬೀರಿದ್ದ. ನಗುತ್ತ ‘ನನ್ನದೇ’ ಅಂದಿದ್ದರೆ ಮುಗಿದುಹೋಗುತ್ತಿತ್ತು. ಬಾಯಿ ತೆರೆದೆ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಕಲಗಚ್ಚಿನ ಬಾನಿಗೆ ಬಿತ್ತಂತೆ. ನಿಮಿಷದ ಹಿಂದೆ ಸುಬ್ಬರಾಯಪ್ಪನವರು ಕರ್ಪೂರಕ್ಕೆ ಹೆದರಿದ್ದನ್ನು ನೋಡಿ ನಕ್ಕವಳು ನಾನೇ, ಈಗ ನಾನೇ ಆ ಬಿಲ್ಲೆ ನೋಡುತ್ತ ಕೂತಿದ್ದೆ. ಬಿಲ್ಲೆ ಉರಿದು ಸಣ್ಣಗಾಗುತ್ತಿತ್ತು. ತಾನೇ ಆರಿಹೋಗಲಿ ಎಂದು ಬೇಡಿಕೊಂಡೆ. ಅದು ಆರಲಿಲ್ಲ.

“ಪೂರ್ತಿ ನಂದಲ್ಲ” ಅಂದೆ. “ಪುಸ್ತಕ ಗಿಸ್ತಕ ಏನಿಲ್ಲ. ನಮ್ ಹುಳದ ಮನೆಗೆ ಸೊಪ್ಪು ಕೊಯ್ಯೋಕ್ ಬರ್ತಾಳೆ ಅಂಜಮ್ಮ ಅಂತ. ಇನ್ನೊಬ್ರಾಗಿ ಮಾತಾಡೋದು ಅವ್ಳು ಶುರು ಮಾಡಿದ್ದು. ಪಟ, ಚೀಟಿ, ನಿಯಮ ನಂದು. ಅವ್ಳ ಹೆಸ್ರು ಬರೀಲಿಲ್ಲ ನಾನು. ಬೇಕಂತಲೇ ಬರೀಲಿಲ್ಲ.”

ಅಂಗೈ ಇಟ್ಟು ಆರಿಸಿದೆ. ಸುಟ್ಟಿತು. ಹಿಂದೆ ಕೂತಿದ್ದ ಯಜಮಾನರು ತಲೆ ಮೇಲೆ ಕೈ ಹೊತ್ತುಕೊಂಡರು.

ಭಾರತಮ್ಮನವರು ಕನ್ನಡಕ ಹಾಕಿಕೊಂಡು ನಿಯಮದ ಪುಸ್ತಕ ತೆಗೆದರು. ನನ್ನ ಪರವಾಗಿ ತೆಗೆದಿದ್ದ ಅದೇ ಪುಸ್ತಕ. ತಯಾರಕರ ಹೆಸರು ಮರೆಮಾಚಿದ ಅರ್ಜಿ ವಜಾ ಎಂದು ಓದಿದರು. ತೀರ್ಪುಗಾರರ ಮನೆಯವರ ಅರ್ಜಿಯೂ ವಜಾ ಎಂದು ಅದರ ಮುಂದಿನ ಸಾಲನ್ನೂ ಓದಿದರು. ಆಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ, “ಇಬ್ಬರ ಹೆಸರೂ ಬರೆದಿದ್ದರೆ ನಿಮಗೇ ಕೊಡ್ತಿದ್ದೆ ಕಣಮ್ಮಾ. ಇವತ್ತು ಯಾರೂ ನನ್ನನ್ನ ತಡೆಯೋಕಾಗ್ತಿರಲಿಲ್ಲ” ಅಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅದನ್ನು ಮಾತ್ರ ತಡೆದುಕೊಳ್ಳಲಾಗಲಿಲ್ಲ, ಎಲ್ಲರ ಮುಂದೆ ಅತ್ತುಬಿಟ್ಟೆ.

ಉಳಿದದ್ದು ಒಂದೇ ಅರ್ಜಿ. ಆವಲಪ್ಪನನ್ನು ಅಲುಗಾಡಿಸಿ ಎಬ್ಬಿಸಿದರು. ಹಾರ ಕೊರಳಿಗೆ ಬಿದ್ದ ಮೇಲೆ ಅವನು ಸುತ್ತ ನೋಡಿ, “ಯಾವ್ ಆಟಕ್ಕೆ?” ಅಂತ ಕೇಳಿದ. ಚೌಕಾಬಾರ ನೀನೇ ಮಾಡಿದ್ದಾ ಎಂದು ಅವನನ್ನೂ ತಟ್ಟೆಯ ಮುಂದೆ ಕೂರಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ. ಹೊಳೆದಿದ್ದರೂ ಅಷ್ಟರಲ್ಲಿ ಪೊಟ್ಟಣ ನಾನು ಸೊಂಟಕ್ಕೆ ಸಿಕ್ಕಿಸಿಕೊಂಡು ಮೆಟ್ಟಿಲು ಇಳಿದಾಗಿತ್ತು.

ಮರುದಿನ ಹುಳದ ಮನೆಯಲ್ಲಿ ಅಂಜಮ್ಮ ತಟ್ಟೆಗಳಿಗೆ ಸೊಪ್ಪು ಹರಡುತ್ತಿದ್ದಳು. ಎಲ್ಲಾ ಹೇಳಿದೆ. ಸುಬ್ಬರಾಯಪ್ಪ ಕಾಲುಚೀಲ ಬಿಚ್ಚಿದ್ದು, ಹೆಡ್‌ಮಿಸ್ಸು ಆಡಿನಂತೆ ಕೂಗಿದ್ದು ಕೇಳಿ ಅವಳು ಬಿದ್ದು ಬಿದ್ದು ನಕ್ಕಳು. ಅರ್ಜಿಯ ಮಾತು ಬಂದಾಗ ನಗು ನಿಂತಿತು. ನಾನು ಅವಳ ಮುಖ ನೋಡದೆ ಅದನ್ನೂ ಪೂರ್ತಿ ಹೇಳಿದೆ, ಭಾರತಮ್ಮನವರು ಕೊನೆಗೆ ಅಂದ ಮಾತಿನವರೆಗೂ.

ಅವಳು ಇನ್ನೊಂದು ತಟ್ಟೆ ಎಳೆದುಕೊಂಡು ಸೊಪ್ಪು ಹರಡಿದಳು.

“ಅಂದ್ರೆ ನನ್ ಹೆಸ್ರೂ ಇದ್ದಿದ್ರೆ ನಾವ್ ಗೆಲ್ತಿದ್ವಾ?”

“ಹೂಂ.”

“ಹಂಗಾದ್ರೆ ಆ ಆವಲಪ್ಪಂಗೆ ಪ್ರಶಸ್ತಿ ಕೊಡ್ಸಿದ್ದು ನೀನೇ ಅಲ್ವೇನಕ್ಕಾ?” ಅಂದಳು ಅಂಜಮ್ಮ.